ಕಪ್ಪು ಮೋಡವನ್ನು ಅದರ ಹಿಂದಿನ ತಾರೆಗಳಿಂದ ಅಳೆಯುವುದು: ಬರ್ನಾರ್ಡ್ 68ರ ಕಾಂತಿನಷ್ಟದ ನಕ್ಷೆ ತಯಾರಿಸುವ ಸಮಗ್ರ ಮಾರ್ಗದರ್ಶಿ

ಮೇ ತಿಂಗಳಲ್ಲಿ, ಮಳೆಮೋಡಗಳು ಕವಿಯುವ ಮುನ್ನ, ರಾತ್ರಿ ಎರಡು ಗಂಟೆಯ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ವೃಶ್ಚಿಕ ರಾಶಿಯ ಕೆಂಪು ಜ್ಯೇಷ್ಠಾ ತಾರೆ ಸುಲಭವಾಗಿ ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ, ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಹೆಚ್ಚು ದೂರದಲ್ಲಿ, ಉರಗಧರ ತಾರಾಪುಂಜದ ಥೀಟಾ ತಾರೆಯಿದೆ. ಅದರಿಂದ ಉತ್ತರಕ್ಕೆ ಒಂದು ಡಿಗ್ರಿಗಿಂತ ಸ್ವಲ್ಪ ಆಚೆ, ತಾರೆಗಳು ಕಿಕ್ಕಿರಿದ ಹಿನ್ನೆಲೆಯ ನಡುವೆ, ಮಸಿಯ ಹನಿ ಬಿದ್ದಂತೆ ಒಂದು ಕಪ್ಪು ಕಲೆ ಇದೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಅದರ ಅಗಲ ನಾಲ್ಕು ಕೋನನಿಮಿಷದಷ್ಟು ಮಾತ್ರ, ಎಂದರೆ ಹುಣ್ಣಿಮೆ ಚಂದ್ರನ ಅಗಲದ ಎಂಟನೆಯ ಒಂದು ಭಾಗ. ಅಮೆರಿಕದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್ 1919ರಲ್ಲಿ ಪ್ರಕಟಿಸಿದ ಕಪ್ಪು ತಾಣಗಳ ಪಟ್ಟಿಯಲ್ಲಿ ಅದರ ಕ್ರಮಸಂಖ್ಯೆ 68.

ಇಂಥ ತಾಣಗಳು ತಾರೆಗಳೇ ಇಲ್ಲದ ರಂಧ್ರಗಳೋ, ಅಥವಾ ತಾರೆಗಳನ್ನು ಮರೆಮಾಡಿದ ಪರದೆಗಳೋ ಎಂಬ ಚರ್ಚೆ ವಿಲಿಯಂ ಹರ್ಷೆಲ್‌ನ ಕಾಲದಿಂದಲೂ ಇತ್ತು. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ತಾರಾಗುಚ್ಛಗಳನ್ನು ಅಳೆದು, ತಾರೆಗಳ ನಡುವಿನ ಜಾಗದಲ್ಲಿ ಬೆಳಕನ್ನು ತಡೆಯುವ ವಸ್ತುವಿದೆ ಎಂದು ತೋರಿಸಿದ ಮೇಲೆ ಅನುಮಾನ ಉಳಿಯಲಿಲ್ಲ. ಅದು ಧೂಳು. ಈ ಮಾರ್ಗದರ್ಶಿಯ ಕೆಲಸವೆಂದರೆ, ಉಚಿತವಾಗಿ ಸಿಗುವ ಅವಗೆಂಪು ದತ್ತಾಂಶವನ್ನು ಬಳಸಿ, ಆ ಧೂಳು ಎಲ್ಲಿ ಎಷ್ಟಿದೆ ಎಂಬುದರ ನಕ್ಷೆಯನ್ನು ನೀವೇ ತಯಾರಿಸುವಂತೆ ಮಾಡುವುದು. ಬೇಕಾಗುವುದು ಒಂದು ಸಾಧಾರಣ ಕಂಪ್ಯೂಟರ್, ಅಂತರ್ಜಾಲ, ಲಾಗರಿದಮ್ ಎಂದರೆ ಹೆದರದ ಮನಸ್ಸು, ಮತ್ತು ಎರಡು ಮೂರು ವಾರಾಂತ್ಯ.

ಬರ್ನಾರ್ಡ್ 68ರಲ್ಲಿ ಇನ್ನೂ ಯಾವ ತಾರೆಯೂ ಹುಟ್ಟಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಹುಟ್ಟಿನ ಹಿಂದಿನ ಹಂತದ ಗರ್ಭ. ಕಲಿಯುವವರಿಗೆ ಇದೇ ಅನುಕೂಲ, ಏಕೆಂದರೆ ಒಳಗೆ ಎಳೆಯ ತಾರೆಗಳು ಬೆಳಗುತ್ತಿದ್ದರೆ ಲೆಕ್ಕದಲ್ಲಿ ಬರುವ ಗೊಂದಲಗಳು ಇಲ್ಲಿ ಬರುವುದಿಲ್ಲ.

ಧೂಳು ಬೆಳಕಿಗೆ ಮಾಡುವುದೇನು

ಹಳ್ಳಿಯ ಅಡುಗೆಮನೆಯಲ್ಲಿ ಸೌದೆ ಒಲೆಯ ಹೊಗೆಯನ್ನು ಗಮನಿಸಿದವರಿಗೆ ಇದರ ಅರ್ಧ ಪಾಠ ಗೊತ್ತೇ ಇರುತ್ತದೆ. ಮಸಿ ಹಿಡಿದ ಗೋಡೆಯ ಮುಂದೆ ಏಳುವಾಗ ಹೊಗೆ ನೀಲಿಯಾಗಿ ಕಾಣುತ್ತದೆ. ಅದೇ ಹೊಗೆ ಮೇಲೇರಿ ಗವಾಕ್ಷಿಯಿಂದ ಬೀಳುವ ಬಿಸಿಲಿಗೆ ಅಡ್ಡ ಬಂದಾಗ, ಕೆಳಗಿನಿಂದ ನೋಡುವವರಿಗೆ ಕಂದುಗೆಂಪಾಗಿ ತೋರುತ್ತದೆ. ಹೊಗೆ ಬದಲಾಗಿಲ್ಲ. ಅದರ ಸೂಕ್ಷ್ಮ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ, ಪಕ್ಕಕ್ಕೆ ಬಂದದ್ದು ನೀಲಿ, ನೇರವಾಗಿ ದಾಟಿ ಬಂದದ್ದು ಕೆಂಪು. ಅಂತರತಾರಾ ಧೂಳು ಮಾಡುವುದೂ ಇದನ್ನೇ, ಜೊತೆಗೆ ಒಂದಿಷ್ಟು ಬೆಳಕನ್ನು ಹೀರಿಕೊಂಡು ತಾನು ತುಸು ಬೆಚ್ಚಗಾಗುತ್ತದೆ. ಚದುರಿಕೆ ಮತ್ತು ಹೀರಿಕೆ ಎರಡೂ ಸೇರಿ ಆಗುವ ನಷ್ಟಕ್ಕೆ ಖಗೋಳ ವಿಜ್ಞಾನಿಗಳು ಎಕ್ಸ್‌ಟಿಂಕ್ಷನ್ ಎನ್ನುತ್ತಾರೆ. ಇಲ್ಲಿ ಅದನ್ನು ಕಾಂತಿನಷ್ಟ ಎಂದು ಕರೆಯೋಣ.

ಈ ಕಣಗಳು ಮುಖ್ಯವಾಗಿ ಸಿಲಿಕೇಟ್ ಮತ್ತು ಇಂಗಾಲದವು. ಸಾಮಾನ್ಯವಾಗಿ ಬಳಸುವ ಮಾದರಿಯಲ್ಲಿ ಅವುಗಳ ತ್ರಿಜ್ಯ ಸುಮಾರು 0.005ರಿಂದ 0.25 ಮೈಕ್ರೋಮೀಟರ್‌ವರೆಗೆ ಹರಡಿದೆ. ಒಂದು ಕಣ ಬೆಳಕಿಗೆ ಎಷ್ಟು ಅಡ್ಡಿಯಾಗುತ್ತದೆ ಎಂಬುದನ್ನು ಅದರ ಸುತ್ತಳತೆಗೂ ಬೆಳಕಿನ ತರಂಗಾಂತರಕ್ಕೂ ಇರುವ ಅನುಪಾತ ನಿರ್ಧರಿಸುತ್ತದೆ. 0.1 ಮೈಕ್ರೋಮೀಟರ್ ತ್ರಿಜ್ಯದ ಕಣಕ್ಕೆ, 0.55 ಮೈಕ್ರೋಮೀಟರ್‌ನ ಹಸಿರು ಬೆಳಕಿನಲ್ಲಿ ಈ ಅನುಪಾತ ಸುಮಾರು 1.1, 2.2 ಮೈಕ್ರೋಮೀಟರ್‌ನ ಅವಗೆಂಪಿನಲ್ಲಿ ಅದು 0.3ಕ್ಕೂ ಕಡಿಮೆ. ದೊಡ್ಡ ಅಲೆಗೆ ಸಣ್ಣ ಕಲ್ಲು ಲೆಕ್ಕಕ್ಕೇ ಬಾರದು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಿದರೆ ಯಾರಾದರೂ ಬೆರಗಾಗಬೇಕು. ತಾರೆಗಳ ಹೊಳಪನ್ನು ಕಾಂತಿಮಾನದಲ್ಲಿ ಅಳೆಯುತ್ತಾರೆ. ಐದು ಕಾಂತಿಮಾನದ ವ್ಯತ್ಯಾಸವೆಂದರೆ ನೂರು ಪಟ್ಟು ವ್ಯತ್ಯಾಸ, ಮತ್ತು ಅಂಕಿ ಹೆಚ್ಚಿದಷ್ಟೂ ತಾರೆ ಮಂಕು. ಬರ್ನಾರ್ಡ್ 68ರ ನಡುಭಾಗದಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಕಾಂತಿನಷ್ಟ ಸುಮಾರು 30 ಕಾಂತಿಮಾನ. ಎಂದರೆ ಹಿಂದಿನ ತಾರೆಯಿಂದ ಹೊರಟ ಬೆಳಕಿನಲ್ಲಿ ನಮ್ಮತ್ತ ದಾಟಿ ಬರುವುದು ಲಕ್ಷ ಕೋಟಿಯಲ್ಲಿ ಒಂದು ಪಾಲು. 2.2 ಮೈಕ್ರೋಮೀಟರ್‌ನಲ್ಲಿ ಅದೇ ಧೂಳು, ಅದೇ ದಾರಿ, ಆದರೆ ಕಾಂತಿನಷ್ಟ ಬರೀ 3.4 ಕಾಂತಿಮಾನ: ಇಪ್ಪತ್ತೆರಡರಲ್ಲಿ ಒಂದು ಪಾಲು ಬೆಳಕು ಪಾರಾಗುತ್ತದೆ. ಕಣ್ಣಿಗೆ ಗೋಡೆಯಾದದ್ದು ಅವಗೆಂಪು ದುರ್ಬೀನಿಗೆ ಬಣ್ಣದ ಗಾಜು.

ಹಿಡಿಕೆ ಇರುವುದು ಬಣ್ಣದಲ್ಲಿ

ಒಂದು ತಾರೆ ಮಂಕಾಗಿ ಕಂಡರೆ ಅದು ದೂರವಿರುವುದರಿಂದಲೋ, ಸಹಜವಾಗಿಯೇ ಸಣ್ಣದಾಗಿರುವುದರಿಂದಲೋ, ಅಥವಾ ಧೂಳಿನಿಂದಲೋ ಎಂದು ಹೊಳಪನ್ನಷ್ಟೇ ನೋಡಿ ಹೇಳಲಾಗದು. ಬಣ್ಣಕ್ಕೆ ಈ ತೊಡಕು ಕಡಿಮೆ. ದೂರ ಎಲ್ಲ ತರಂಗಾಂತರಗಳನ್ನೂ ಒಂದೇ ಪ್ರಮಾಣದಲ್ಲಿ ಮಂಕುಗೊಳಿಸುತ್ತದೆ, ಧೂಳು ಮಾತ್ರ ಚಿಕ್ಕ ತರಂಗಾಂತರವನ್ನು ಹೆಚ್ಚು ತಿನ್ನುತ್ತದೆ. ಆದ್ದರಿಂದ ತಾರೆಯೊಂದು ಇರಬೇಕಾದ್ದಕ್ಕಿಂತ ಎಷ್ಟು ಕೆಂಪಾಗಿದೆ ಎಂದು ಅಳೆದರೆ, ನಡುವೆ ಎಷ್ಟು ಧೂಳಿದೆ ಎಂಬುದು ತಿಳಿಯುತ್ತದೆ. ಅವಗೆಂಪಿನ ಇನ್ನೊಂದು ಉಪಕಾರವೆಂದರೆ, ಅಲ್ಲಿ ಬಹುತೇಕ ತಾರೆಗಳ ಸಹಜ ಬಣ್ಣಗಳು ಒಂದಕ್ಕೊಂದು ಬಹಳ ಹತ್ತಿರವಿರುತ್ತವೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೀಲಿ, ಹಳದಿ, ಕೆಂಪು ಎಂದು ದೂರದೂರ ನಿಲ್ಲುವ ತಾರೆಗಳು, 1.66 ಮತ್ತು 2.16 ಮೈಕ್ರೋಮೀಟರ್‌ಗಳ ನಡುವಿನ ಬಣ್ಣವನ್ನು ಅಳೆದಾಗ ಕೆಲವೇ ದಶಾಂಶಗಳೊಳಗೆ ಗುಂಪುಗೂಡುತ್ತವೆ.

ನಾವು ಬಳಸುವ ಮೂರು ಅವಗೆಂಪು ಪಟ್ಟೆಗಳಿಗೆ ಜೆ, ಎಚ್, ಕೆ ಎಂದು ಹೆಸರು: ಕ್ರಮವಾಗಿ 1.24, 1.66 ಮತ್ತು 2.16 ಮೈಕ್ರೋಮೀಟರ್. ಜಾರ್ಜ್ ರೀಕೆ ಮತ್ತು ಮಾರ್ಸಿಯಾ ಲೆಬೊಫ್ಸ್ಕಿ 1985ರಲ್ಲಿ ಕೊಟ್ಟ ಅನುಪಾತಗಳ ಪ್ರಕಾರ, ಹಸಿರು-ಹಳದಿ ಬೆಳಕಿನಲ್ಲಿ ಕಾಂತಿನಷ್ಟ 1 ಇದ್ದರೆ ಜೆ ಪಟ್ಟೆಯಲ್ಲಿ 0.282, ಎಚ್‌ನಲ್ಲಿ 0.175, ಕೆಯಲ್ಲಿ 0.112. ಎಚ್ ಮತ್ತು ಕೆ ಅಂಕಿಗಳ ವ್ಯತ್ಯಾಸ 0.063. ಹಾಗಾಗಿ:

ಬಣ್ಣದ ಹೆಚ್ಚಳ = ಕಾಣುವ (ಎಚ್ − ಕೆ) − ಸಹಜ (ಎಚ್ − ಕೆ)

ಕೆ ಪಟ್ಟೆಯ ಕಾಂತಿನಷ್ಟ = 1.78 × ಬಣ್ಣದ ಹೆಚ್ಚಳ

ದೃಶ್ಯ ಬೆಳಕಿನ ಕಾಂತಿನಷ್ಟ = 15.9 × ಬಣ್ಣದ ಹೆಚ್ಚಳ

ಚಾರ್ಲ್ಸ್ ಲಾಡಾ ಮತ್ತು ಸಂಗಡಿಗರು 1994ರಲ್ಲಿ ಐಸಿ 5146 ಎಂಬ ತಾಣದ ಬಳಿಯ ಮೋಡಕ್ಕೆ ಈ ವಿಧಾನವನ್ನು ಅನ್ವಯಿಸಿದರು. ವಿಧಾನದ ಸಂಕ್ಷಿಪ್ತ ಹೆಸರು ನೈಸ್. ಮೂರೂ ಪಟ್ಟೆಗಳನ್ನು ಒಟ್ಟಿಗೆ ಬಳಸುವ ಸುಧಾರಿತ ರೂಪವನ್ನು 2001ರಲ್ಲಿ ಮಾರ್ಕೊ ಲೊಂಬಾರ್ಡಿ ಮತ್ತು ಜೊವಾವ್ ಆಲ್ವೆಸ್ ಕೊಟ್ಟರು, ಅದು ನೈಸರ್. ನಾವು ಮೊದಲನೆಯದರಿಂದ ಆರಂಭಿಸಿ ಎರಡನೆಯದರ ಹೊಸ್ತಿಲವರೆಗೆ ಹೋಗೋಣ.

ಹಂತ 1: ದತ್ತಾಂಶ ಇಳಿಸಿಕೊಳ್ಳುವುದು

ಅರಿಜೋನಾದ ಮೌಂಟ್ ಹಾಪ್ಕಿನ್ಸ್ ಮತ್ತು ಚಿಲಿಯ ಸೆರೊ ಟೊಲೊಲೊ ಬೆಟ್ಟಗಳಲ್ಲಿದ್ದ ಎರಡು 1.3 ಮೀಟರ್ ದುರ್ಬೀನುಗಳು 1997ರಿಂದ 2001ರವರೆಗೆ ಇಡೀ ಆಕಾಶವನ್ನು ಜೆ, ಎಚ್, ಕೆ ಪಟ್ಟೆಗಳಲ್ಲಿ ಚಿತ್ರಿಸಿದವು. ಟೂಮಾಸ್ (2MASS) ಎಂಬ ಈ ಸರ್ವೇಕ್ಷಣೆಯ ಬಿಂದು ಆಕರಗಳ ಕ್ಯಾಟಲಾಗ್‌ನಲ್ಲಿ 47 ಕೋಟಿಗೂ ಹೆಚ್ಚು ನಮೂದುಗಳಿವೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಿಂದ ನಡೆಯುವ ವಿಜಿಯರ್ (VizieR) ಜಾಲತಾಣದಲ್ಲಿ ಟೂಮಾಸ್ ಎಂದು ಹುಡುಕಿ, ಕೇಂದ್ರಬಿಂದುವಾಗಿ ವಿಷುವದಂಶ (RA) 17 ಗಂಟೆ 22 ನಿಮಿಷ 38 ಸೆಕೆಂಡು, ಘಂಟಾವೃತ್ತಾಂಶ (Dec) −23 ಡಿಗ್ರಿ 50 ನಿಮಿಷ ಎಂದು ಕೊಟ್ಟು, ಒಂದು ಡಿಗ್ರಿ ಬದಿಯ ಚೌಕವನ್ನು ಆರಿಸಿಕೊಳ್ಳಿ. ಸಾಲುಗಳ ಮಿತಿಯನ್ನು ತೆಗೆದುಹಾಕಲು ಮರೆಯಬೇಡಿ. ಪೂರ್ವನಿಗದಿತ ಮಿತಿಯಲ್ಲಿ ಕೆಲವೇ ಸಾಲುಗಳು ಬರುತ್ತವೆ, ಮತ್ತು ಫೈಲು ಸರಿಯಾಗಿಯೇ ಕಾಣುವುದರಿಂದ ತಪ್ಪು ಗೊತ್ತಾಗುವುದು ತಡವಾಗಿ.

ಎಷ್ಟು ತಾರೆಗಳನ್ನು ನಿರೀಕ್ಷಿಸಬೇಕು? ಪಕ್ಕದ ಪೈಪ್ ನೀಹಾರಿಕೆಗೆ 2006ರಲ್ಲಿ ಇದೇ ದತ್ತಾಂಶದಿಂದ ನಕ್ಷೆ ಮಾಡಿದವರಿಗೆ 8 × 6 ಡಿಗ್ರಿ ಪ್ರದೇಶದಲ್ಲಿ 45 ಲಕ್ಷ ತಾರೆಗಳು ಸಿಕ್ಕಿದ್ದವು. ಆ ಲೆಕ್ಕದಲ್ಲಿ ಪ್ರತಿ ಚದರ ಕೋನನಿಮಿಷಕ್ಕೆ ಸರಾಸರಿ 26. ನಿಮ್ಮ ಚೌಕದಲ್ಲಿ ಹಲವು ಹತ್ತು ಸಾವಿರ ಸಾಲುಗಳು ಬಂದರೆ ಸರಿಯಾದ ದಾರಿಯಲ್ಲಿದ್ದೀರಿ. ನಮ್ಮ ಗೆಲಾಕ್ಸಿಯ ನಡುವಿನ ಉಬ್ಬಿನಲ್ಲಿರುವ ದೈತ್ಯ ತಾರೆಗಳು ಈ ದಿಕ್ಕಿನಲ್ಲಿ ಹಿನ್ನೆಲೆಯಾಗಿ ನಿಂತಿರುವುದೇ ಇಷ್ಟು ಸಮೃದ್ಧಿಗೆ ಕಾರಣ. ಗೆಲಾಕ್ಸಿಯ ತಟ್ಟೆಯಿಂದ ದೂರದ ಮೋಡವನ್ನು ಆರಿಸಿಕೊಂಡಿದ್ದರೆ ಇದೇ ಕೆಲಸ ಬಹಳ ಕಷ್ಟವಾಗುತ್ತಿತ್ತು.

ಸಾಲುಗಳನ್ನು ನೋಡಲು, ಜರಡಿ ಹಿಡಿಯಲು, ಚಿತ್ರ ಬರೆಯಲು ಟಾಪ್‌ಕ್ಯಾಟ್ (TOPCAT) ಎಂಬ ಉಚಿತ ತಂತ್ರಾಂಶ ಸಾಕು. ನಕ್ಷೆ ಮಾಡುವ ಹಂತಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದರೆ ಒಳ್ಳೆಯದು.

ಹಂತ 2: ಜರಡಿ ಹಿಡಿಯುವುದು

ಕ್ಯಾಟಲಾಗ್‌ನಲ್ಲಿ ಪ್ರತಿ ತಾರೆಗೂ ಮೂರು ಅಕ್ಷರಗಳ ಗುಣಮಟ್ಟದ ಸೂಚಕವಿದೆ, ಪಟ್ಟೆಗೊಂದು ಅಕ್ಷರ. 'ಎ' ಎಂದರೆ ಸಂಕೇತ ಗದ್ದಲದ ಹತ್ತು ಪಟ್ಟು ಅಥವಾ ಹೆಚ್ಚು. 'ಬಿ' ಏಳು ಪಟ್ಟು. 'ಸಿ' ಐದು ಪಟ್ಟು. 'ಯು' ಎಂದರೆ ಆ ಪಟ್ಟೆಯಲ್ಲಿ ತಾರೆ ಸಿಕ್ಕಿಲ್ಲ, ಕೊಟ್ಟಿರುವ ಅಂಕಿ ಬರೀ ಮಿತಿ. ಈ ಕೊನೆಯ ಅಕ್ಷರದ ಬಗ್ಗೆ ಎಚ್ಚರ ಬೇಕು, ಏಕೆಂದರೆ ಮಿತಿಯ ಅಂಕಿಯೂ ನೋಡಲು ಅಳತೆಯ ಅಂಕಿಯಂತೆಯೇ ಇರುತ್ತದೆ. ಮೋಡದ ಅಂಚಿನಲ್ಲಿ ಜೆ ಪಟ್ಟೆಯಲ್ಲಿ ಮರೆಯಾದ ತಾರೆಗಳು ಬಹಳ. ಅವುಗಳ ಮಿತಿಯನ್ನೇ ಅಳತೆಯೆಂದು ಬಳಸಿದರೆ, ಧೂಳು ಹೆಚ್ಚಾದಷ್ಟೂ ತಾರೆಗಳು ಅಷ್ಟೇನೂ ಕೆಂಪಾಗಿಲ್ಲ ಎಂಬ ತಲೆಕೆಳಗಾದ ಉತ್ತರ ಬರುತ್ತದೆ.

ನನ್ನ ಸಲಹೆ: ಎಚ್ ಮತ್ತು ಕೆ ಪಟ್ಟೆಗಳಲ್ಲಿ ಎ, ಬಿ ಅಥವಾ ಸಿ ಇರುವ ಎಲ್ಲ ತಾರೆಗಳನ್ನೂ ಇಟ್ಟುಕೊಳ್ಳಿ, ಜೆ ಇರಲೇಬೇಕೆಂದು ಹಠ ಹಿಡಿಯಬೇಡಿ. ಮೂರರಲ್ಲೂ 'ಎ' ಬೇಕು ಎಂಬ ಶುದ್ಧಾಚಾರದಿಂದ ಹೊರಗುಳಿಯುವುದು ನಿಖರವಾಗಿ ನಿಮಗೆ ಬೇಕಾದ, ಮೋಡದ ಆಳದ ತಾರೆಗಳೇ. ಮಾಲಿನ್ಯದ ಸೂಚಕ ಅಂಕಣದಲ್ಲಿ ಸೊನ್ನೆಯಲ್ಲದ ಗುರುತಿರುವ ಸಾಲುಗಳನ್ನು ಮಾತ್ರ ತೆಗೆದುಬಿಡಿ. ಪಕ್ಕದ ಪ್ರಖರ ತಾರೆಯ ಕಿರಣ ಅಥವಾ ಪ್ರತಿಬಿಂಬ ತಾಗಿದ ಅಳತೆಗಳವು.

ಹಂತ 3: ಹೋಲಿಕೆಯ ಕ್ಷೇತ್ರ

ಇಡೀ ಕೆಲಸದಲ್ಲಿ ಅತಿ ಹೆಚ್ಚು ವಿವೇಚನೆ ಬೇಡುವುದು ಈ ಹಂತ. ಸಹಜ ಬಣ್ಣ ಎಷ್ಟೆಂದು ನಮಗೆ ಪುಸ್ತಕದಿಂದ ಸಿಗುವುದಿಲ್ಲ. ಯಾವ ದಿಕ್ಕಿನಲ್ಲಿ ಯಾವ ಬಗೆಯ ತಾರೆಗಳ ಮಿಶ್ರಣವಿದೆ ಎಂಬುದರ ಮೇಲೆ ಅದು ನಿಂತಿದೆ. ಮೋಡದ ಹತ್ತಿರದಲ್ಲೇ, ಗೆಲಾಕ್ಸಿಯ ತಟ್ಟೆಯಿಂದ ಅಷ್ಟೇ ಎತ್ತರದಲ್ಲಿ, ಧೂಳಿಲ್ಲದ ತುಂಡನ್ನು ಆರಿಸಿ, ಅಲ್ಲಿನ ತಾರೆಗಳ ಎಚ್ − ಕೆ ಅಂಕಿಗಳ ಮಧ್ಯಾಂಕವನ್ನು ಸಹಜ ಬಣ್ಣವೆಂದು ಎತ್ತಿಕೊಳ್ಳಬೇಕು. ಜೊತೆಗೆ ಆ ಅಂಕಿಗಳು ಎಷ್ಟು ಹರಡಿವೆ ಎಂಬ ಮಾನಕ ವಿಚಲನೆಯನ್ನೂ ಬರೆದಿಟ್ಟುಕೊಳ್ಳಬೇಕು.

ನಾನು ಮೊದಲ ಸಲ ಮಾಡಿದಾಗ ತಾರೆಗಳ ಎಣಿಕೆಯನ್ನು ನೋಡದೆ, ಚೌಕದ ಈಶಾನ್ಯ ಮೂಲೆಯನ್ನು ಕಣ್ಣಂದಾಜಿನಲ್ಲಿ ಆರಿಸಿದ್ದೆ. ನಕ್ಷೆ ಬಂದಾಗ ಅರ್ಧ ಚೌಕದಲ್ಲಿ ಕಾಂತಿನಷ್ಟ ಸೊನ್ನೆಗಿಂತ ಕೆಳಗಿತ್ತು. ಎಂದರೆ ಧೂಳು ತಾರೆಗಳನ್ನು ಬೆಳಗಿಸುತ್ತಿತ್ತು! ಬರ್ನಾರ್ಡ್ 72 ಎಂಬ ಹಾವಿನಾಕಾರದ ಇನ್ನೊಂದು ಕಪ್ಪು ಮೋಡ ಅದೇ ಕಡೆ ಇದೆ ಎಂಬುದು ನನಗೆ ಹೊಳೆದಿರಲಿಲ್ಲ. ಹೋಲಿಕೆಯ ಕ್ಷೇತ್ರವೇ ಧೂಳಿನಲ್ಲಿ ಅದ್ದಿಹೋಗಿತ್ತು. ಅಂದಿನಿಂದ ಮೊದಲು ಇಡೀ ಚೌಕದಲ್ಲಿ ತಾರೆಗಳ ಸಾಂದ್ರತೆಯ ಚಿತ್ರ ಬರೆದು, ಅತಿ ದಟ್ಟವಾಗಿರುವ ಮತ್ತು ಬಣ್ಣ ಅತಿ ಕಡಿಮೆ ಕೆಂಪಾಗಿರುವ ತುಂಡುಗಳನ್ನು ಗುರುತಿಸಿದ ಮೇಲೆಯೇ ಮುಂದುವರಿಯುತ್ತೇನೆ. ಎರಡು ಮೂರು ಬೇರೆ ಬೇರೆ ತುಂಡುಗಳನ್ನು ಆರಿಸಿ ಮಧ್ಯಾಂಕಗಳನ್ನು ಹೋಲಿಸುವುದು ಒಳ್ಳೆಯದು. ಅವುಗಳ ನಡುವೆ 0.02ರಷ್ಟು ವ್ಯತ್ಯಾಸ ಬಂದರೂ ದೃಶ್ಯ ಬೆಳಕಿನ ಲೆಕ್ಕದಲ್ಲಿ ಅದು 0.3 ಕಾಂತಿಮಾನವಾಗುತ್ತದೆ.

ಉಬ್ಬಿನ ತಾರೆಗಳಿಗೂ ನಮಗೂ ನಡುವೆ ಎಲ್ಲೆಡೆ ತೆಳುವಾಗಿ ಹರಡಿದ ಧೂಳು ಹೇಗೂ ಇದ್ದೇ ಇರುತ್ತದೆ. ಅದು ಹೋಲಿಕೆಯ ಕ್ಷೇತ್ರದಲ್ಲೂ ಇರುವುದರಿಂದ ಲೆಕ್ಕದಲ್ಲಿ ಕಳೆದುಹೋಗುತ್ತದೆ, ಉಳಿಯುವುದು ಮೋಡದ ಪಾಲು ಮಾತ್ರ.

ಹಂತ 4: ಒಂದು ತಾರೆಯನ್ನು ಕೈಯಲ್ಲಿ ಲೆಕ್ಕ ಹಾಕುವುದು

ಕಂಪ್ಯೂಟರಿಗೆ ಒಪ್ಪಿಸುವ ಮುನ್ನ ಒಂದು ತಾರೆಯನ್ನು ಕಾಗದದ ಮೇಲೆ ಮಾಡಿ ನೋಡಿ. ಉದಾಹರಣೆಗೆಂದು ಕಲ್ಪಿಸಿಕೊಂಡ ತಾರೆ ಇದು: ಎಚ್ ಕಾಂತಿಮಾನ 13.90, ಕೆ ಕಾಂತಿಮಾನ 13.05. ಕಾಣುವ ಬಣ್ಣ 0.85. ಹೋಲಿಕೆಯ ಕ್ಷೇತ್ರದ ಮಧ್ಯಾಂಕ 0.20 ಇದೆ ಎಂದುಕೊಂಡರೆ ಬಣ್ಣದ ಹೆಚ್ಚಳ 0.65. ಅದನ್ನು 1.78ರಿಂದ ಗುಣಿಸಿದರೆ ಕೆ ಪಟ್ಟೆಯ ಕಾಂತಿನಷ್ಟ 1.16, 15.9ರಿಂದ ಗುಣಿಸಿದರೆ ದೃಶ್ಯ ಬೆಳಕಿನ ಕಾಂತಿನಷ್ಟ 10.3. ಧೂಳಿಲ್ಲದಿದ್ದರೆ ಈ ತಾರೆ ಕೆ ಪಟ್ಟೆಯಲ್ಲಿ 11.89ರ ಕಾಂತಿಮಾನದಲ್ಲಿ ಹೊಳೆಯುತ್ತಿತ್ತು.

ಈಗ ಜೆ ಪಟ್ಟೆಯಿಂದ ಇದನ್ನು ಪರೀಕ್ಷಿಸಬಹುದು. ದೃಶ್ಯ ಕಾಂತಿನಷ್ಟ 10.3 ಆದರೆ ಜೆ − ಎಚ್ ಬಣ್ಣದಲ್ಲಿ 0.107 × 10.3, ಅಂದರೆ 1.10ರ ಹೆಚ್ಚಳ ಬರಬೇಕು. ದೈತ್ಯ ತಾರೆಯ ಸಹಜ ಜೆ − ಎಚ್ 0.75 ಎಂದುಕೊಂಡರೆ ಜೆ ಕಾಂತಿಮಾನ 15.75. ಟೂಮಾಸ್ ಹತ್ತು ಪಟ್ಟು ಸಂಕೇತದೊಂದಿಗೆ ನೋಡಬಲ್ಲ ಮಿತಿ ಜೆಯಲ್ಲಿ 15.8, ಎಚ್‌ನಲ್ಲಿ 15.1, ಕೆಯಲ್ಲಿ 14.3. ಅಂದರೆ ಈ ತಾರೆ ಜೆಯಲ್ಲಿ ಹೊಸ್ತಿಲ ಮೇಲೆ ನಿಂತಿದೆ. ಧೂಳು ಇನ್ನು ಸ್ವಲ್ಪ ಹೆಚ್ಚಿದ್ದರೂ ಅಲ್ಲಿ ಅದರ ಅಳತೆ ಕೆಡುತ್ತಿತ್ತು. ಜೆ ಬೇಕೇ ಬೇಕೆಂದು ಹಠ ಬೇಡ ಎಂದದ್ದು ಇದಕ್ಕೆ.

ತಪ್ಪಿನ ಅಂದಾಜನ್ನೂ ಇಲ್ಲೇ ಮಾಡಿಕೊಳ್ಳಿ. ಎಚ್‌ನ ಅಳತೆಯ ತಪ್ಪು 0.03, ಕೆಯದು 0.04 ಆದರೆ ಬಣ್ಣದ ತಪ್ಪು, ವರ್ಗಗಳ ಮೊತ್ತದ ಮೂಲ ತೆಗೆದಾಗ, 0.05. ಸಹಜ ಬಣ್ಣಗಳ ಹರಡಿಕೆ 0.08 ಎಂದುಕೊಂಡು ಅದನ್ನೂ ಸೇರಿಸಿದರೆ ಒಟ್ಟು 0.094. ದೃಶ್ಯ ಕಾಂತಿನಷ್ಟದಲ್ಲಿ ಇದು 1.5 ಕಾಂತಿಮಾನ. ಒಂದೇ ತಾರೆಯ ಸಾಕ್ಷ್ಯ ಹೀಗೆ ಒರಟು; ಅದೇ ಕಿಂಡಿಯಲ್ಲಿ, ಎಂದರೆ ಆಕಾಶದ ಅದೇ ಪುಟ್ಟ ತುಂಡಿನಲ್ಲಿ, 16 ತಾರೆಗಳಿದ್ದರೆ ತಪ್ಪು ನಾಲ್ಕನೇ ಒಂದಕ್ಕೆ ಇಳಿದು 0.4ರ ಸುತ್ತ ಬರುತ್ತದೆ. ಎಷ್ಟು ತಾರೆಗಳನ್ನು ಗುಂಪು ಮಾಡಬೇಕು ಎಂಬ ಮುಂದಿನ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಹಂತ 5: ಸುಳ್ಳು ಸಾಕ್ಷಿಗಳನ್ನು ಹೊರಗಿಡುವುದು

ಮೋಡಕ್ಕೂ ನಮಗೂ ನಡುವೆ ಇರುವ ತಾರೆ ಧೂಳನ್ನು ಕಂಡೇ ಇಲ್ಲ. ಅದನ್ನು ಸರಾಸರಿಯಲ್ಲಿ ಸೇರಿಸಿದರೆ ಆ ಕಿಂಡಿಯ ಕಾಂತಿನಷ್ಟ ಸುಳ್ಳಾಗಿ ತಗ್ಗುತ್ತದೆ. ಬರ್ನಾರ್ಡ್ 68ರ ದೂರ ಸುಮಾರು 125 ಪಾರ್ಸೆಕ್, ಎಂದರೆ 400 ಜ್ಯೋತಿರ್ವರ್ಷ. ಇಷ್ಟು ಹತ್ತಿರದ ಮೋಡದ ಮುಂದೆ ನಿಲ್ಲುವ ತಾರೆಗಳು ಬೆರಳೆಣಿಕೆಯವು. ಆದರೂ ತಾರೆಗಳ ದೂರ ಅಳೆದ ಗಾಯಾ ಉಪಗ್ರಹದ ಪಟ್ಟಿಯೊಂದಿಗೆ ಸ್ಥಾನ ಹೊಂದಿಸಿ, ಸ್ಥಾನಪಲ್ಲಟ (ಪ್ಯಾರಲಾಕ್ಸ್; ತಾರೆ ಹತ್ತಿರವಿದ್ದಷ್ಟೂ ಇದು ಹೆಚ್ಚು) 8 ಮಿಲಿ ಕೋನಸೆಕೆಂಡಿಗಿಂತ ಹೆಚ್ಚಿರುವ ತಾರೆಗಳನ್ನು ತೆಗೆದರೆ ಕೆಲಸ ಶುದ್ಧವಾಗುತ್ತದೆ. ಒರಾಯನ್ ಮೋಡಗಳಂತೆ ಸುಮಾರು 400 ಪಾರ್ಸೆಕ್ ಆಚೆಯವುಗಳಿಗೆ ಹೋದಾಗ ಈ ಹಂತ ಐಚ್ಛಿಕವಲ್ಲ.

ಎರಡನೆಯ ಬಗೆಯ ಸುಳ್ಳು ಸಾಕ್ಷಿ ಎಳೆಯ ತಾರೆ. ಅದರ ಸುತ್ತಲಿನ ಬೆಚ್ಚನೆಯ ತಟ್ಟೆ ತಾನೇ ಕೆ ಪಟ್ಟೆಯಲ್ಲಿ ಬೆಳಗುವುದರಿಂದ, ನಡುವೆ ಧೂಳಿಲ್ಲದಿದ್ದರೂ ಕೆಂಪಾಗಿ ಕಾಣುತ್ತದೆ. ಪತ್ತೆ ಹಚ್ಚಲು ಎಚ್ − ಕೆ ಅನ್ನು ಅಡ್ಡಕ್ಕೆ, ಜೆ − ಎಚ್ ಅನ್ನು ಉದ್ದಕ್ಕೆ ಇಟ್ಟು ಎಲ್ಲ ತಾರೆಗಳನ್ನೂ ಚುಕ್ಕಿ ಹಾಕಿ. ಧೂಳಿನಿಂದ ಕೆಂಪಾದವು ಒಂದು ಓರೆಗೆರೆಯ ಉದ್ದಕ್ಕೆ ಸಾಲುಗಟ್ಟುತ್ತವೆ; ತಟ್ಟೆಯಿರುವವು ಆ ಸಾಲಿನಿಂದ ಬಲಕ್ಕೆ ಬಿದ್ದಿರುತ್ತವೆ. ಬರ್ನಾರ್ಡ್ 68ರಲ್ಲಿ ಅಂಥವು ಇರುವುದಿಲ್ಲ, ಆದರೆ ಈ ಚಿತ್ರವನ್ನು ಬಿಟ್ಟು ಮುಂದೆ ಹೋಗಬೇಡಿ: ಸಾಲಿನ ಇಳಿಜಾರು 1.7ರ ಆಸುಪಾಸು ಬಂದರೆ ನೀವು ಎತ್ತಿಕೊಂಡ ಅನುಪಾತಗಳು ಈ ಧೂಳಿಗೆ ಹೊಂದುತ್ತವೆ ಎಂಬುದಕ್ಕೆ ಅದು ನಿಮ್ಮದೇ ದತ್ತಾಂಶದ ಸಾಕ್ಷ್ಯ.

ಹಂತ 6: ಚುಕ್ಕಿಗಳಿಂದ ನಕ್ಷೆ

ಆಕಾಶವನ್ನು 30 ಕೋನಸೆಕೆಂಡ್ ಬದಿಯ ಚೌಕಗಳಾಗಿ ಹಂಚಿ. ಪ್ರತಿ ಚೌಕದ ನಡುವಿನಲ್ಲಿ ಕಾಂತಿನಷ್ಟವೆಂದರೆ, ಸುತ್ತಲಿನ ತಾರೆಗಳ ಅಂಕಿಗಳ ತೂಕ ಕಟ್ಟಿದ ಸರಾಸರಿ. ತೂಕ ಎರಡು ಅಂಶಗಳ ಗುಣಲಬ್ಧ: ತಾರೆ ಎಷ್ಟು ಹತ್ತಿರವಿದೆ ಎಂಬುದಕ್ಕೆ ಒಂದು ಕೋನನಿಮಿಷ ಅಗಲದ ಗಾಸಿಯನ್ ಗಂಟೆಯಾಕಾರ, ಮತ್ತು ಅಳತೆ ಎಷ್ಟು ನಂಬಲರ್ಹ ಎಂಬುದಕ್ಕೆ ತಪ್ಪಿನ ವರ್ಗದ ವಿಲೋಮ. ಸರಾಸರಿ ತೆಗೆದ ಮೇಲೆ, ಅದರಿಂದ ತಪ್ಪಿನ ಮೂರು ಪಟ್ಟಿಗಿಂತ ದೂರವಿರುವ ತಾರೆಗಳನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಮಾಡಿ.

ಮೂರೂ ಪಟ್ಟೆಗಳಿರುವ ತಾರೆಗಳಿಗೆ ಎರಡೂ ಬಣ್ಣಗಳಿಂದ ಬರುವ ಅಂದಾಜುಗಳನ್ನು ಕೂಡಿಸುವುದೇ ನೈಸರ್ ವಿಧಾನದ ಸಾರ. ಇಲ್ಲೊಂದು ಸೂಕ್ಷ್ಮವಿದೆ: ಎಚ್‌ನ ಅಳತೆಯಲ್ಲಿ ತಪ್ಪಾದರೆ ಅದು ಜೆ − ಎಚ್ ಮತ್ತು ಎಚ್ − ಕೆ ಎರಡನ್ನೂ ವಿರುದ್ಧ ದಿಕ್ಕಿಗೆ ಎಳೆಯುತ್ತದೆ, ಆದ್ದರಿಂದ ಎರಡು ಬಣ್ಣಗಳನ್ನು ಸ್ವತಂತ್ರ ಸಾಕ್ಷಿಗಳೆಂದು ಭಾವಿಸಿ ಸರಾಸರಿ ತೆಗೆಯಬಾರದು. ಅವುಗಳ ಸಹವಿಚಲನೆಯನ್ನು, ಎಂದರೆ ಎರಡೂ ಒಟ್ಟಿಗೆ ಎಷ್ಟು ಏರಿಳಿಯುತ್ತವೆ ಎಂಬುದನ್ನು, ಹೋಲಿಕೆಯ ಕ್ಷೇತ್ರದಿಂದ ಲೆಕ್ಕ ಹಾಕಿ, ಅದನ್ನು ಗಮನಿಸಿ ತೂಕ ಹಂಚಬೇಕು.

ಕಾಂತಿನಷ್ಟದ ನಕ್ಷೆಯ ಪಕ್ಕದಲ್ಲಿ, ಪ್ರತಿ ಚೌಕಕ್ಕೆ ಎಷ್ಟು ತಾರೆಗಳು ಕೊಡುಗೆ ಕೊಟ್ಟಿವೆ ಎಂಬ ಇನ್ನೊಂದು ನಕ್ಷೆಯನ್ನು ತಪ್ಪದೆ ಇಡಿ. ಐದಕ್ಕಿಂತ ಕಡಿಮೆ ತಾರೆಗಳಿರುವ ಚೌಕಗಳನ್ನು ಖಾಲಿ ಬಿಡುವುದು ನನ್ನ ಪದ್ಧತಿ. ಸುತ್ತಲಿನ ಬಣ್ಣವನ್ನು ಎಳೆದು ಖಾಲಿಯನ್ನು ತುಂಬಿಸುವ ತಂತ್ರಾಂಶದ ಸೌಲಭ್ಯ ಚಿತ್ರವನ್ನು ಚೆಂದ ಮಾಡುತ್ತದೆ, ಮಾಹಿತಿಯನ್ನಲ್ಲ.

ಹಂತ 7: ನಡುವಿನ ಖಾಲಿಯನ್ನು ಅರ್ಥ ಮಾಡಿಕೊಳ್ಳುವುದು

ಎಲ್ಲವೂ ಸರಿಯಾಗಿದ್ದರೆ ನಿಮ್ಮ ನಕ್ಷೆಯಲ್ಲಿ ಅಂಚಿನಿಂದ ಒಳಕ್ಕೆ ಕಾಂತಿನಷ್ಟ ಏರುತ್ತಾ ಹೋಗಿ, ನಡುವೆ ಒಂದು ಖಾಲಿ ಉಳಿಯುತ್ತದೆ. ಧೂಳಿಲ್ಲದಿದ್ದರೆ ಕೆಯಲ್ಲಿ 11.0, ಎಚ್‌ನಲ್ಲಿ 11.2 ಇರುತ್ತಿದ್ದ ಪ್ರಖರ ದೈತ್ಯ ತಾರೆ ಮೋಡದ ನಟ್ಟನಡುವಿನ ಹಿಂದೆ ಇದ್ದರೆ, ಕೆಯಲ್ಲಿ 14.4ಕ್ಕೆ ಇಳಿದು ಮಿತಿಯನ್ನು ಮುಟ್ಟುತ್ತದೆ, ಎಚ್‌ನಲ್ಲಿ 16.4ಕ್ಕೆ ಇಳಿದು ಕಾಣದೇ ಹೋಗುತ್ತದೆ. ಎಚ್ ಇಲ್ಲದೆ ಬಣ್ಣವಿಲ್ಲ.

ಈ ಖಾಲಿಯನ್ನು ತುಂಬಿದವರು ಜೊವಾವ್ ಆಲ್ವೆಸ್, ಚಾರ್ಲ್ಸ್ ಲಾಡಾ ಮತ್ತು ಎಲಿಜಬೆತ್ ಲಾಡಾ. ಚಿಲಿಯ ಲಾ ಸಿಲ್ಲಾದ ನ್ಯೂ ಟೆಕ್ನಾಲಜಿ ಟೆಲಿಸ್ಕೋಪಿನಿಂದ ಆಳವಾದ ಅವಗೆಂಪು ಚಿತ್ರಗಳನ್ನು ತೆಗೆದು, ದೃಶ್ಯ ಬೆಳಕಿನಲ್ಲಿ ಕಾಣದ ಸಾವಿರಕ್ಕೂ ಹೆಚ್ಚು ಹಿನ್ನೆಲೆ ತಾರೆಗಳ ಬಣ್ಣಗಳನ್ನು ಅವರು ಅಳೆದರು. 2001ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ, ನಡುವಿನಿಂದ ಅಂಚಿಗೆ ಧೂಳು ಇಳಿಯುವ ರೀತಿ, ತನ್ನದೇ ಗುರುತ್ವವನ್ನು ಒಳಗಿನ ಅನಿಲದ ಒತ್ತಡದಿಂದ ತಡೆದುಕೊಂಡು ನಿಂತ ಗೋಳಕ್ಕೆ ಲೆಕ್ಕದಿಂದ ಬರುವ ಬಾನರ್–ಎಬರ್ಟ್ ವಕ್ರರೇಖೆಯ ಮೇಲೆ ಅಚ್ಚುಕಟ್ಟಾಗಿ ಕೂತಿತು. ಆ ಗೋಳದ ಸ್ಥಿರತೆಯ ಗಡಿಯನ್ನು ಸೂಚಿಸುವ ಅಂಕಿ 6.5, ಬರ್ನಾರ್ಡ್ 68ಕ್ಕೆ ಬಂದದ್ದು 6.9. ಕುಸಿತದ ಅಂಚಿನಲ್ಲಿ ನಿಂತ ಮೋಡ.

ನಮ್ಮಲ್ಲಿಯೂ ಇದಕ್ಕೆ ಉಪಕರಣವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹಿಮಾಲಯನ್ ಚಂದ್ರ ದುರ್ಬೀನು ಲಡಾಖಿನ ಹಾನ್ಲೆಯಲ್ಲಿದ್ದು, ಹೊಸಕೋಟೆಯ ಕೇಂದ್ರದಿಂದ ದೂರನಿಯಂತ್ರಣದಲ್ಲಿ ನಡೆಯುತ್ತದೆ. ಅದರ ಟರ್ಸ್ಪೆಕ್ ಎಂಬ ಅವಗೆಂಪು ಉಪಕರಣದ ನೋಟದ ಅಗಲ ಸುಮಾರು ಐದು ಕೋನನಿಮಿಷ, ಈ ಮೋಡ ಹಿಡಿಸುವಷ್ಟು. ಒಂದೇ ವಿಪರ್ಯಾಸವೆಂದರೆ, ಬೆಂಗಳೂರಿನ ಆಕಾಶದಲ್ಲಿ 53 ಡಿಗ್ರಿ ಎತ್ತರಕ್ಕೆ ಏರುವ ಮೋಡ ಹಾನ್ಲೆಯಲ್ಲಿ 33 ಡಿಗ್ರಿಯನ್ನಷ್ಟೇ ಮುಟ್ಟುತ್ತದೆ.

ಹಂತ 8: ಕಾಂತಿನಷ್ಟದಿಂದ ತೂಕಕ್ಕೆ

ಕೋಪರ್ನಿಕಸ್ ಉಪಗ್ರಹದ ಅಳತೆಗಳಿಂದ 1978ರಲ್ಲಿ ಸಿಕ್ಕ ಸಂಬಂಧದ ಪ್ರಕಾರ, ದೃಶ್ಯ ಕಾಂತಿನಷ್ಟ ಒಂದು ಕಾಂತಿಮಾನ ಇರುವ ದಾರಿಯಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.9 × 10²¹ ಹೈಡ್ರೋಜನ್ ಪರಮಾಣುಗಳಿರುತ್ತವೆ. ಹೀಲಿಯಂ ಪಾಲನ್ನೂ ಸೇರಿಸಿದರೆ, ಒಂದು ಕಾಂತಿಮಾನಕ್ಕೆ ಚದರ ಪಾರ್ಸೆಕ್ಕಿಗೆ ಸರಿಸುಮಾರು 20 ಸೌರರಾಶಿ (ಒಂದು ಸೌರರಾಶಿ ಎಂದರೆ ಸೂರ್ಯನಷ್ಟು ದ್ರವ್ಯರಾಶಿ). 125 ಪಾರ್ಸೆಕ್ ದೂರದಲ್ಲಿ 30 ಕೋನಸೆಕೆಂಡಿನ ಚೌಕದ ಬದಿ 0.018 ಪಾರ್ಸೆಕ್, ಆದ್ದರಿಂದ ಕಾಂತಿನಷ್ಟ 10 ಇರುವ ಒಂದು ಚೌಕದ ತೂಕ ಸುಮಾರು 0.07 ಸೌರರಾಶಿ. ಎಲ್ಲ ಚೌಕಗಳನ್ನೂ ಕೂಡಿಸಿ. ಆಳವಾದ ಅಳತೆಗಳಿಂದ ಬರ್ನಾರ್ಡ್ 68ಕ್ಕೆ ಬಂದಿರುವ ಅಂಕಿ ಎರಡು ಸೌರರಾಶಿಯ ಆಸುಪಾಸು. ನಡುವೆ ಖಾಲಿಯಿರುವ ನಿಮ್ಮ ನಕ್ಷೆಯಿಂದ ಅದಕ್ಕಿಂತ ಕಡಿಮೆಯೇ ಬರಬೇಕು. ಹೆಚ್ಚು ಬಂದರೆ ಹೋಲಿಕೆಯ ಕ್ಷೇತ್ರವನ್ನು ಮತ್ತೆ ನೋಡಿ. ದೂರದಲ್ಲಿ ಶೇಕಡ 10ರ ತಪ್ಪು ತೂಕದಲ್ಲಿ ಶೇಕಡ 20ಕ್ಕೂ ಹೆಚ್ಚಾಗುತ್ತದೆ ಎಂಬುದನ್ನೂ ಮರೆಯಬೇಡಿ, ಏಕೆಂದರೆ ವಿಸ್ತೀರ್ಣ ದೂರದ ವರ್ಗದಂತೆ ಬೆಳೆಯುತ್ತದೆ.

ರೇಡಿಯೋ ದುರ್ಬೀನಿನಿಂದ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಅಳೆದು ತೂಕ ಕಂಡುಹಿಡಿಯುವ ವಿಧಾನವೂ ಇದೆ. ಆದರೆ ಇಂಥ ಕೊರೆಯುವ ಮೋಡದ ಒಡಲಿನಲ್ಲಿ ಆ ಅನಿಲ ಧೂಳಿನ ಕಣಗಳ ಮೇಲೆಯೇ ಹೆಪ್ಪುಗಟ್ಟಿ ಅಳತೆಗೆ ಸಿಗದೆ ಮಾಯವಾಗುತ್ತದೆ, ಮತ್ತು ಅದು ಹಾಗೆ ಮಾಯವಾಗುವುದನ್ನು ಬರ್ನಾರ್ಡ್ 68ರಲ್ಲಿ ಕಾಂತಿನಷ್ಟದ ನಕ್ಷೆಯ ಜೊತೆ ಹೋಲಿಸಿಯೇ ಸ್ಪಷ್ಟವಾಗಿ ಕಂಡರು.

ಅಂಕಿಗಳನ್ನು ಎಷ್ಟು ನಂಬಬೇಕು

1.78 ಎಂಬ ಗುಣಕ ಕಲ್ಲಿನಲ್ಲಿ ಕೊರೆದದ್ದಲ್ಲ. ಸ್ಪಿಟ್ಜರ್ ದುರ್ಬೀನು ಮತ್ತು ಟೂಮಾಸ್ ಅಳತೆಗಳಿಂದ 2005ರಲ್ಲಿ ಬಂದ ಅನುಪಾತಗಳನ್ನು ಬಳಸಿದರೆ ಅದು 1.82, ಗೆಲಾಕ್ಸಿಯ ಕೇಂದ್ರದ ಕಡೆ ನಿಶಿಯಾಮ ತಂಡ 2006ರಲ್ಲಿ ಅಳೆದ ಪ್ರಕಾರ 1.44. ಆದ್ದರಿಂದ ನಕ್ಷೆಯ ಆಕಾರವನ್ನು ಧೈರ್ಯವಾಗಿ ನಂಬಬಹುದು, ಒಟ್ಟು ಪ್ರಮಾಣದಲ್ಲಿ ಮಾತ್ರ ಶೇಕಡ 20ರಷ್ಟು ಸಡಿಲ ಇಟ್ಟುಕೊಳ್ಳಬೇಕು. ಫಲಿತಾಂಶವನ್ನು ಕೆ ಪಟ್ಟೆಯ ಕಾಂತಿನಷ್ಟದಲ್ಲಿಯೇ ಬರೆಯುವುದು ಪ್ರಾಮಾಣಿಕತೆ ಎಂದು ನನ್ನ ಅಭಿಪ್ರಾಯ. ದೃಶ್ಯ ಬೆಳಕಿನ ಅಂಕಿಗೆ ಹಾರಿದಾಗ ಇನ್ನೊಂದು ಊಹೆ ನುಸುಳುತ್ತದೆ, ಅದೂ ಯಾವ ಬೆಳಕು ಮೋಡವನ್ನು ದಾಟಲೇ ಇಲ್ಲವೋ ಅದರ ಬಗ್ಗೆ.

ಊಹೆ ಏಕೆ ಅಲುಗಾಡುತ್ತದೆಂದರೆ, ದಟ್ಟ ಮೋಡದ ಒಳಗೆ ಕಣಗಳು ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ, ಹಿಮದ ಕವಚ ಹೊದೆಯುತ್ತವೆ. ಸಣ್ಣ ಕಣಗಳು ಕಡಿಮೆಯಾದಂತೆ ಚಿಕ್ಕ ತರಂಗಾಂತರಕ್ಕೂ ದೊಡ್ಡದಕ್ಕೂ ಇದ್ದ ಭೇದ ತಗ್ಗುತ್ತದೆ. 2005ರ ಅದೇ ಅಳತೆಗಳಲ್ಲಿ ಕೆ ಪಟ್ಟೆಯ ಕಾಂತಿನಷ್ಟ 1 ಇದ್ದರೆ 3.6 ಮೈಕ್ರೋಮೀಟರ್‌ನಲ್ಲಿ 0.56, ಆದರೆ 4.5, 5.8, 8.0 ಮೂರರಲ್ಲೂ 0.43, ಇಳಿಯುತ್ತಾ ಬಂದ ಗೆರೆ ಅಲ್ಲಿ ಚಪ್ಪಟೆಯಾಗಿ ಮಲಗಿಬಿಡುತ್ತದೆ. ಅದರ ಮೇಲೆ 3.05 ಮೈಕ್ರೋಮೀಟರ್‌ನಲ್ಲಿ ನೀರಿನ ಹಿಮದ ಗುಳಿ, 9.7ರಲ್ಲಿ ಸಿಲಿಕೇಟಿನ ಅಗಲ ಗುಳಿ. ಜೇಮ್ಸ್ ವೆಬ್ ದುರ್ಬೀನು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಮೀಲಿಯನ್ 1 ಮೋಡದ ಹಿಂದಿನ ಎರಡು ತಾರೆಗಳ ಬೆಳಕಿನಲ್ಲಿ ಇಂಥ ಹಿಮದ ಗುರುತುಗಳನ್ನು ಓದಿತು. ಅವುಗಳಲ್ಲಿ ಒಂದರ ಮುಂದೆ ನಿಂತ ಧೂಳಿನ ದೃಶ್ಯ ಕಾಂತಿನಷ್ಟ ಸುಮಾರು 95 ಕಾಂತಿಮಾನ.

ಕೊನೆಯದಾಗಿ ಒಂದು ಪಕ್ಷಪಾತ ಇಡೀ ವಿಧಾನದಲ್ಲೇ ಅಡಗಿದೆ. ಒಂದು ಚೌಕದೊಳಗೆ ಧೂಳು ಅಲ್ಲಲ್ಲಿ ಗಂಟುಗಟ್ಟಿದ್ದರೆ, ನಮಗೆ ತಾರೆಗಳು ಸಿಗುವುದು ಗಂಟುಗಳ ನಡುವಿನ ತೆಳುವಾದ ಸಂದುಗಳಲ್ಲಿ, ಹಾಗಾಗಿ ಸರಾಸರಿ ಯಾವಾಗಲೂ ಕಡಿಮೆಯತ್ತ ವಾಲುತ್ತದೆ. ಇದನ್ನು ತಿದ್ದುವ ನೈಸೆಸ್ಟ್ ಎಂಬ ರೂಪವನ್ನು ಲೊಂಬಾರ್ಡಿ 2009ರಲ್ಲಿ ಕೊಟ್ಟಿದ್ದಾರೆ. ಅದಕ್ಕೆ ಹೋಗುವ ಮುನ್ನ ನಿಮ್ಮ ನಕ್ಷೆಯನ್ನು 60 ಮತ್ತು 90 ಕೋನಸೆಕೆಂಡಿನ ಎರಡು ಗಾಸಿಯನ್ ಅಗಲಗಳಲ್ಲಿ ಮಾಡಿ, ಒಂದರಿಂದ ಇನ್ನೊಂದನ್ನು ಕಳೆದು ನೋಡಿ. ವ್ಯತ್ಯಾಸ ದೊಡ್ಡದಾಗಿ ಕಾಣುವ ಜಾಗಗಳಲ್ಲಿ ಧೂಳು ಈ ಅಗಲಗಳಷ್ಟು ಚಿಕ್ಕ ಅಂತರದಲ್ಲೇ ಏರಿಳಿಯುತ್ತಿದೆ.